ಅಂಬಿಗ ಸಾಯುವುದಿಲ್ಲ ಎಂಬ ಆಕ್ಷೇಪಣೆ

ಸಹೃದಯರೂ ವಿಚಾರಶೀಲರೂ ಆದ ವಾಚಕ ಮಹಾಶಯರ ಸನ್ನಿಧಿಗೆ ಈ ಕಥೆಗಾರನು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂಬುದು ಅವನಿಗೆ ತಿಳಿದಿಲ್ಲ. ಒಂಬತ್ತು ಸಂಪುಟಗಳ ಮಾಯಾಲೋಕದ ಕಾದಂಬರಿಯನ್ನು ಎರಡೂವರೆ ಗಂಟೆಯ ಸಿನಿಮಾಕ್ಕೆ ಇಳಿಸಿದ ನಿರ್ದೇಶಕನಿಗೂ ತಿಳಿದಿರಲಿಲ್ಲ. ಅವನು ಡ್ರ್ಯಾಗನ್ನಿನಿಂದ ಶುರು ಮಾಡಿದ.

೧.
ಮೊದಲ ಕರಡು: ಯುದ್ಧಭೂಮಿ, ಮಂಜು, ಸಾವಿರ ಕುದುರೆ. (ಕೈಬಿಡಲಾಗಿದೆ. ಕಥೆಗಾರನಿಗೆ ಕುದುರೆಗಳ ಬಜೆಟ್ ಇಲ್ಲ.)

೨.
ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವನೊಬ್ಬನಿದ್ದ. ಮಾತಿಗೊಮ್ಮೆ ಈ ಕಾದಂಬರಿಯ ಪುಟ ಹೇಳುತ್ತಿದ್ದುದರಿಂದ ಅಂಗಡಿಯವರು ಅವನನ್ನು ‘ಪುಟಸಂಖ್ಯೆ’ ಎಂದೇ ಕರೆಯುತ್ತಿದ್ದರು. ಒಂಬತ್ತೂ ಸಂಪುಟಗಳನ್ನು ಹದಿನಾರು ಸಲ ಓದಿದವನು. ಹೊಸ ಮುದ್ರಣವನ್ನು ಮುಟ್ಟುತ್ತಿರಲಿಲ್ಲ, ರಕ್ಷಾಪುಟ ಕೆಡಿಸಿದ್ದಾರೆಂದು. ಬೇರೆ ಅಭಿಮಾನಿಗಳೊಡನೆ ಮಾತಾಡುತ್ತಿರಲಿಲ್ಲ, ಅವರು ಎರಡೇ ಸಲ ಓದಿದವರೆಂದು. ಅವನ ಪ್ರತಿಯ ನಾಲ್ಕನೆಯ ಸಂಪುಟದ ಕೊನೆಯಲ್ಲಿ ಕುರುಡ ಅಂಬಿಗ ದೋಣಿಯನ್ನು ಮಂಜಿನೊಳಗೆ ನಡೆಸುತ್ತಾನೆ. ಉಳಿದ ಐದರಲ್ಲಿ ಅವನ ಸುಳಿವೇ ಇಲ್ಲ. ಪುಟಸಂಖ್ಯೆ ಇದರಲ್ಲಿ ಲೇಖಕನ ಮಹಾ ಗಾಂಭೀರ್ಯವನ್ನು ಕಂಡು, ‘ಅಂಬಿಗನ ಮೌನ’ ಎಂಬ ನಲವತ್ತು ಪುಟದ ಪ್ರಬಂಧ ಬರೆದಿದ್ದ.

ಸಿನಿಮಾದಲ್ಲಿ ಅಂಬಿಗ ಮುಳುಗಿ ಸತ್ತ.

ಆಟ ಮುಗಿದು, ನಿರ್ದೇಶಕ ಪ್ರಶ್ನೆಗಳಿಗಾಗಿ ವೇದಿಕೆ ಏರಿದ. ಪುಟಸಂಖ್ಯೆ ಪ್ರಬಂಧವನ್ನು ಎದೆಗವಚಿಕೊಂಡು ಮೈಕಿನ ಸಾಲಿನತ್ತ ಹೊರಟ. ಜೊತೆಗೆ ಬಂದಿದ್ದ ಅಕ್ಕ ಅವನ ತೋಳು ಹಿಡಿದು ಹೊರಗಿನ ಪಡಸಾಲೆಗೆ ಎಳೆದಳು.

೩.
(ಅಕ್ಕ ಇಲ್ಲಿ ಕಥೆಗಾರನತ್ತ ತಿರುಗಿ, “ನನ್ನಿಂದಾಗಲ್ಲ, ನೀವೇ ಹೇಳಿಬಿಡಿ. ಬರೆಯೋರು ನೀವು ತಾನೆ?” ಎಂದಳು. “ಅದು ನಿಮ್ಮ ಪಾಪ, ತಾಯಿ,” ಎಂದು ಕಥೆಗಾರ ಜಾರಿಕೊಂಡ.)

“ಪುಸ್ತಕದಲ್ಲೂ ಅಂಬಿಗ ಸಾಯ್ತಾನೆ ಕಣೋ.”

“ಯಾವ ಪುಟ?”

“ನಾಲ್ಕನೇ ಸಂಪುಟದ ಕೊನೇ ಹನ್ನೆರಡು ಪುಟ. ನಿನ್ನ ಪುಸ್ತಕದಲ್ಲಿಲ್ಲ. ನಾನೇ ಹರಿದೆ.”

“ಹರಿದೆಯಾ? ಪುಸ್ತಕಾನಾ?”

“ಅಪ್ಪ ಹೋಗಿ ವಾರ ಆಗಿತ್ತು. ನೀನು ಊಟ ಬಿಟ್ಟು ಬರೀ ಅಂಬಿಗ, ಅಂಬಿಗ ಅಂತಿದ್ದೆ. ನಾನು ಮೊದಲೇ ಓದಿ ಮುಗಿಸಿದ್ದೆ. ಇವನೂ ಹೋದ ಅಂತ ಹೆಂಗೋ ಹೇಳ್ಲಿ?”

“ಆಮೇಲೆ?”

“ನಾಳೆ ಹೇಳೋಣ, ನಾಳೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಪ್ರಬಂಧ ಬರ್ದುಬಿಟ್ಟೆಯಲ್ಲೋ ಮಾರಾಯ! ಅದನ್ನ ಅಲ್ಲಿ ಓದಿದ್ರೆ ಇನ್ನೂರು ಜನ ಬಿದ್ದು ಬಿದ್ದು ನಗ್ತಾರೆ.”

೪.
ಮುಕ್ತಾಯ ಒಂದು: ಅವನು ಅಳುತ್ತಾನೆ, ಅಕ್ಕ ಅಪ್ಪಿಕೊಳ್ಳುತ್ತಾಳೆ, ಪಿಟೀಲು. (ನಿರ್ದೇಶಕನಿಗೆ ಮಾರಬಹುದು.)

ಮುಕ್ತಾಯ ಎರಡು: ಪ್ರಬಂಧವನ್ನು ಕಸದ ಡಬ್ಬಿಗೆ ಹಾಕಿ, ಹೊಸ ಮುದ್ರಣ ಕೊಂಡು, ಮನುಷ್ಯನಾಗುತ್ತಾನೆ. (ಕಥೆಗಾರನೇ ನಂಬುವುದಿಲ್ಲ.)

“ಎರಡೂ ಬೇಡ,” ಎಂದ ಪುಟಸಂಖ್ಯೆ.

“ಅಳಪ್ಪಾ, ಒಂದೇ ಹನಿ,” ಎಂದು ಕಥೆಗಾರ ಗೋಗರೆದ. “ಓದುಗರು ಕಾಯ್ತಿದ್ದಾರೆ.”

“ಕಾಯಲಿ. ಇಪ್ಪತ್ತಾರು ವರ್ಷ ಅಂಬಿಗ ನಮ್ಮನೇಲಿ ಬದುಕಿದ್ದಾನೆ. ಇವರ್ಯಾರು ಸಾಯಿಸೋಕೆ?”

“ಅಯ್ಯೋ, ಬರೆದವನೇ ಸಾಯಿಸಿದ್ದಾನಲ್ಲೋ!” ಎಂದಳು ಅಕ್ಕ.

“ಹಾಗಾದ್ರೆ ಅವನೂ ಮೂಲಕ್ಕೆ ನಿಷ್ಠನಲ್ಲ. ಮೂಲ ಅಂದ್ರೆ ನೀನು ಹರಿದುಕೊಟ್ಟದ್ದು.”

ಅವನು ಒಳಗೆ ಹೋಗಿ ಸಾಲಿನಲ್ಲಿ ನಿಂತ. ಮುಂದೆ ಮೂವರಿದ್ದರು. ಅಕ್ಕ ಹಣೆ ಚಚ್ಚಿಕೊಂಡಳು. ಆಮೇಲೆ ತಾನೂ ಹೋಗಿ ಅವನ ಬೆನ್ನಿಗೆ ನಿಂತಳು.

೫.
ಮೂವರು ಇಬ್ಬರಾದರು. ಕಥೆಗಾರನು ಇದನ್ನು ನೋಡುತ್ತ ನಿಲ್ಲುವವನಲ್ಲ. ನಿಂತರೆ ಬರೆಯಬೇಕಾಗುತ್ತದೆ, ಬರೆದರೆ ಯಾರಾದರೂ ಸಿನಿಮಾ ಮಾಡುತ್ತಾರೆ. ಅವನು ಕರಡುಗಳನ್ನು ಚೀಲಕ್ಕೆ ತುರುಕಿ, ಚೀಲವನ್ನು ಹೆಗಲಿಗೇರಿಸಿ, ಪಕ್ಕದ ಬಾಗಿಲಿನಿಂದ ಬೀದಿಗಿಳಿದ. ಒಳಗಿನಿಂದ “ನೆಕ್ಸ್ಟ್?” ಎಂಬ ಕೂಗು ಕೇಳಿಸಿತು. ಅವನು ಹೆಜ್ಜೆಯನ್ನು ಬಿರುಸು ಮಾಡಿದ.