ಹದಿಮೂರು ಬಂದೂಕುಗಳು

ನೇಕಮ್ ಅಪ್ಪನ ಉಗುರುಸಂದಿಯ ಕಪ್ಪನ್ನು ಕಡ್ಡಿಯಿಂದ ಕೆರೆದು ತೆಗೆಯುತ್ತಿದ್ದ. ಹೆಣಕ್ಕೆ ಬಿಸಿನೀರು ಹೊಯ್ಯುತ್ತಿದ್ದ ಚಿಕ್ಕಪ್ಪ ಶೇರ್ ಆಲಂ ತಡೆದ.

“ಬಿಡೋ. ಐವತ್ತು ವರ್ಷ ಅರ ಹಿಡಿದ ಕೈ ಅದು. ಒಂದು ಸ್ನಾನಕ್ಕ ಬೆಳ್ಳಗಾದೀತೇನು?”

ಮನೆಮನೆಯಲ್ಲೂ ಬಂದೂಕು ತಯಾರಿಸುವ ದರ್ರಾದ ಬಜಾರು ಅಂದು ಬಾಗಿಲು ಹಾಕಿತ್ತು. ಹೊಸ ಬಂದೂಕನ್ನು ಆಕಾಶಕ್ಕೆ ಹಾರಿಸಿ ನೋಡುವ ಸದ್ದೂ ಇರಲಿಲ್ಲ. ನೇಕಮನ ಅಪ್ಪ ಉಸ್ತಾದ್ ಯಾರ್‌ಮಸ್ತ್ ಬ್ರಿಟಿಷರ ಕಾಲದ ಗೋರಾ ಪಲ್ಟನ್ನಿನ ಬಂದೂಕುಗಳ ನಕಲು ಮಾಡುತ್ತಿದ್ದ. ಶೋಕಿಯ ಜನ ಗೋಡೆಗೆ ತೂಗುಹಾಕಲು ಕೊಳ್ಳುತ್ತಿದ್ದರು.

“ಚಾಚಾ, ಆ ಬಂದೂಕಿನ ಮಾತು ನಾನು ತೋರ್‌ಬಾಜ್ ಕಾಕಾಗ ಹೇಳಿಬಿಡ್ತೀನಿ.”

“ಹುಚ್ಚು ಹಿಡದದೇನು? ನಮಾಜಿಗಿಂತ ಮೊದಲು ಮುಲ್ಲಾ ಕೇಳ್ತಾನ, ಎಲ್ಲಾರೂ ಮಾಫ್ ಅಂತಾರ. ಅಷ್ಟು ಸಾಕು.”

“ಏನಂತ ಗೊತ್ತಿಲ್ದ ಮಾಫ್ ಅಂದರ ಅದು ಅಪ್ಪಗ ಮುಟ್ಟತದೇನು?”

ಚಿಕ್ಕಪ್ಪ ಚೊಂಬು ಕೆಳಗಿಟ್ಟ. “ಮಾನಕ್ಕ ಜೀವಾ ಕೊಡೋ ಮನಿ ಅದು. ಹೇಳಿದರ ಹೆಣಾ ಎತ್ತಾಕ ಬಿಡಂಗಿಲ್ಲ, ನೋಡಕೋ.”

*

ಮೂರು ವರ್ಷದ ಹಿಂದೆ ತೋರ್‌ಬಾಜ್ ತನ್ನ ಅಜ್ಜನ ಬಂದೂಕನ್ನು ಶಾಲಿನಲ್ಲಿ ಸುತ್ತಿ ತಂದಿದ್ದ. ಕಣಿವೆಯ ಕಾಳಗದಲ್ಲಿ ಗೋರಾ ಸಿಪಾಯಿಯಿಂದ ಕಿತ್ತುಕೊಂಡದ್ದು. ಅದರ ಕುದುರೆ ಸಡಿಲಾಗಿ ಗುಂಡು ಹಾರುತ್ತಿರಲಿಲ್ಲ.

“ನನ್ನ ಮಗನ್ನ ನಿನ್ನ ಕೈಯಾಗ ಕೊಟ್ಟಂಗ, ಉಸ್ತಾದ್,” ಎಂದಿದ್ದ.

ಉಸ್ತಾದ್ ಸರಿಮಾಡಿದ. ಆಮೇಲೆ ಅದನ್ನೇ ಎದುರಿಗಿಟ್ಟುಕೊಂಡು ಲಾಹೋರಿನ ವ್ಯಾಪಾರಿಗೆ ಹನ್ನೆರಡು ನಕಲು ಮಾಡಿದ. ಹಿಡಿಯ ಮೇಲಿನ ಗೀರನ್ನೂ ಬಿಡಲಿಲ್ಲ. ಸಗಣಿಗುಂಡಿಯಲ್ಲಿ ಹೂತು, ಚಹಾದಲ್ಲಿ ನೆನೆಸಿ ವಯಸ್ಸು ಬರಿಸಿದ. ಪೆಟ್ಟಿಗೆ ಲಾರಿ ಹತ್ತಿ ಹೋದ ಮೇಲೆ, ಅಸಲೆಂದು ಉಳಿಸಿಕೊಂಡಿದ್ದ ಒಂದನ್ನು ಬಿಚ್ಚಿ ನೋಡಿದರೆ ಒಳಗೆ ಅವನದೇ ಅರದ ಗೆರೆಗಳು. ವಿಚಾರಿಸುವಷ್ಟರಲ್ಲಿ ಅಸಲು ಸಮುದ್ರ ದಾಟಿತ್ತು.

“ನನ್ನ ಕೈನ ನನ್ನ ಕಣ್ಣಿಗೆ ಮೋಸ ಮಾಡ್ತಲ್ಲೋ,” ಎಂದು ನೇಕಮನೆದುರು ನಕ್ಕ. ಆಮೇಲೆ ಆ ಮಾತೆತ್ತಲಿಲ್ಲ. ನಕಲನ್ನು ಅದೇ ಶಾಲಿನಲ್ಲಿ ಸುತ್ತಿ ಕೊಟ್ಟ. ತೋರ್‌ಬಾಜ್ ನಳಿಗೆಗೆ ಮುತ್ತಿಟ್ಟು ಒಯ್ದ.

*

ಮೈದಾನದಲ್ಲಿ ಜನ ಸಾಲಾಗಿ ನಿಂತಿದ್ದರು. ನೇಕಮ್ ತೋರ್‌ಬಾಜನ ಪಕ್ಕಕ್ಕೆ ಹೋಗಿ, ಮೆಲ್ಲಗೆ ಎಲ್ಲವನ್ನೂ ಹೇಳಿದ.

ಮುದುಕ ಎದುರಿನ ಮಂಚದ ಮೇಲಿನ ಹೆಣವನ್ನೇ ನೋಡುತ್ತಿದ್ದ.

“ಬಂದ ಬೀಗರಿಗೆಲ್ಲಾ ಅದನ್ನ ತೋರಿಸೀನಿ. ಮೊಮ್ಮಕ್ಕಳ ಕೈಯಾಗ ಕೊಟ್ಟು ಅಜ್ಜನ ಕತಿ ಹೇಳೀನಿ.”

“ಹೌದು ಕಾಕಾ.”

“ಜೀವಂತ ಇದ್ದಾಗ ನಿಮ್ಮಪ್ಪಗ ಬಾಯಿ ಇರಲಿಲ್ಲೇನು?”

ನೇಕಮ್ ಅವನ ಪಕ್ಕದಲ್ಲೇ ಸಾಲಿಗೆ ಸೇರಿ ನಿಂತ.

ಮುಲ್ಲಾ ಕೂಗಿದ: “ಯಾರ್‌ಮಸ್ತ್ ಯಾರಿಗಾದರೂ ಅನ್ಯಾಯ ಮಾಡಿದ್ದರ ಹೇಳ್ರಿ. ಇಲ್ಲಾಂದರ ಮಾಫ್ ಮಾಡ್ರಿ.”

“ಮಾಫ್, ಮಾಫ್,” ಎಂದರು ಜನ. ಹಿಂದಿನಿಂದ ಒಬ್ಬ, “ಇಸ್ಪೀಟಿನ್ಯಾಗ ಎಲಿ ಕದೀತಿದ್ದ. ಅದೂ ಮಾಫ್,” ಎಂದ. ಕೆಲವರು ನಗು ನುಂಗಿದರು.

ತೋರ್‌ಬಾಜನ ತುಟಿ ಅಲುಗಲಿಲ್ಲ.

ನಮಾಜು ಮುಗಿಯಿತು. ಹೆಣ ಇಳಿಸಿ ಚಪ್ಪಡಿ ಮುಚ್ಚಿದರು. ಒಬ್ಬೊಬ್ಬರೂ ಮೂರು ಮೂರು ಹಿಡಿ ಮಣ್ಣು ಹಾಕಿ ಸರಿದರು. ಕೊನೆಗೆ ತೋರ್‌ಬಾಜ್ ಬಂದ. ಮಂಡಿಯೂರಿ ಒಂದು ಹಿಡಿ ಹಾಕಿದ. ಇನ್ನೊಂದು ಹಾಕಿದ. ಮೂರನೆಯದನ್ನು ಹಿಡಿದುಕೊಂಡೇ ಎದ್ದ. ನೇಕಮನ ಅಂಗೈ ಬಿಡಿಸಿ ಅದರೊಳಕ್ಕೆ ಸುರಿದು, ಬೆರಳುಗಳನ್ನು ಒಂದೊಂದಾಗಿ ಮಡಚಿದ. “ಇದು ಬಾಕಿ,” ಎಂದ. ಚಪ್ಪಲಿ ಮೆಟ್ಟಿಕೊಂಡು ಇಳಿಜಾರಿನಲ್ಲಿ ನಡೆದ.

“ಹಾಕೋ,” ಎಂದ ಚಿಕ್ಕಪ್ಪ. “ಮಂದಿ ಕಾಯಾಕತ್ತಾರ.”

ನೇಕಮ್ ಮುಷ್ಟಿ ಬಿಗಿಹಿಡಿದು ನಿಂತೇ ಇದ್ದ. ಬೆರಳುಗಳ ಸಂದಿಯಿಂದ ಮಣ್ಣು ಸಣ್ಣಗೆ ಸೋರುತ್ತಿತ್ತು.