ಕಲೆ ಹೋದ ಫ್ರಾಕು

"ಕೈಯೇನೇ ಅದು, ಕೊರಡಾ? ಮೂರು ಸಲ ಒಗೆದ್ರೂ ಕಲೆ ಹಾಗೇ ಕೂತಿದೆಯಲ್ಲೇ! ಬಟ್ಟೆ ಒಗೆಯೋಕೆ ಬರ್ತೀಯೋ, ನಮ್ಮನೆ ಸೋಪು ಕರಗಿಸೋಕೆ ಬರ್ತೀಯೋ?"

ಒದ್ದೆ ಫ್ರಾಕು ಹಾರಿ ಬಂದು ಬಟ್ಟೆ ಒಗೆಯುವವಳ ಹೆಗಲಿಗೆ ಬಡಿದು ಒಗೆಯುವ ಕಲ್ಲಿನ ಮೇಲೆ ಬಿತ್ತು. ಕುತ್ತಿಗೆಯಿಂದ ಬೆನ್ನಿಗೆ ನೀರಿಳಿಯಿತು. ಅವಳು ಒರೆಸಿಕೊಳ್ಳಲಿಲ್ಲ. ಇನ್ನೂ ಎರಡು ಬಕೆಟ್ ಬಟ್ಟೆ ನೊರೆಯಲ್ಲಿ ಮುಳುಗಿತ್ತು, ನಲ್ಲಿಯಲ್ಲಿ ನೀರು ನಿಲ್ಲುವ ಹೊತ್ತಾಗಿತ್ತು.

ಯಜಮಾನಿ ಹಿತ್ತಿಲ ಮೆಟ್ಟಿಲ ಮೇಲೆ ನಿಂತೇ ಇದ್ದಳು. ಅವಳ ಮಗಳನ್ನು ಮನೆಯವರೆಲ್ಲ ಬೇಬಿ ಅನ್ನುತ್ತಿದ್ದರು. ಮಳೆ ನಿಂತ ಮೇಲೆ ಬೇಬಿ ತೋಟದ ಕಬ್ಬಿಣದ ಉಯ್ಯಾಲೆಯಲ್ಲಿ ಕೂತು, ಬಿಳಿ ಫ್ರಾಕಿನ ಹಿಂಬದಿಗೆ ತುಕ್ಕು ಬಳಿದುಕೊಂಡು ಬಂದಿದ್ದಳು.

"ಇದು ತುಕ್ಕು ಅಮ್ಮಾವ್ರೇ. ಸೋಪಿಗೆ ಬಗ್ಗಲ್ಲ. ನಿಂಬೆಹಣ್ಣು, ಉಪ್ಪು ತಿಕ್ಕಿ ಬಿಸಿಲಿಗೆ ಇಡಬೇಕು. ಒಂದಷ್ಟು ದಿನ ಹಿಡಿಯುತ್ತೆ."

"ಓಹೋ, ನಿಂಬೆಹಣ್ಣು! ನಿಮ್ಮಪ್ಪ ಗಿಡ ನೆಟ್ಟಿದ್ದಾನಾ ಇಲ್ಲಿ? ಕೆಲಸ ತಪ್ಪಿಸೋಕೆ ಒಂದೊಂದು ನೆಪ. ಬೇಡ ಬಿಡು. ಅದರಲ್ಲಿ ಒಲೆ ಒರೆಸು, ಇಲ್ಲ ಮನೆಗೆ ಹೊತ್ಕೊಂಡು ಹೋಗು. ನನ್ನ ಕಣ್ಣಿಗೆ ಮಾತ್ರ ಬೀಳಬಾರದು ಅದು."

ಬಾಗಿಲು ದಢಾರನೆ ಹಾಕಿಕೊಂಡಿತು. ಅಡಿಗೆಯಜ್ಜಿ ಕಿಟಕಿಯಿಂದ ತಲೆ ಹಾಕಿ ಪಿಸುಗುಟ್ಟಿದಳು. "ತಗೊಂಡು ಹೋಗೇ ಗುಬ್ಬಿ ಅಮ್ಮ. ಒಲೆ ಒರೆಸೋಕೆ ನನ್ನ ಹತ್ರ ಬೇಕಾದಷ್ಟು ಚಿಂದಿ ಇದೆ."

ಬಟ್ಟೆ ಒಗೆಯುವವಳ ಮಗಳು ಗುಬ್ಬಿ. ಹುಟ್ಟಿದಾಗ ಅಷ್ಟೇ ಇದ್ದಳು ಅಂತ ಅಪ್ಪನ ತಾಯಿ ಇಟ್ಟ ಹೆಸರು, ಹಾಗೇ ಉಳಿಯಿತು.

ಅಂದಿನಿಂದ ಕೆಲಸ ಮುಗಿಸಿ ಬರುವಾಗ ತಾಯಿ ಹಣ್ಣಿನ ರಸದ ಅಂಗಡಿಯ ಹಿಂದೆ ಹೋಗಿ ನಿಲ್ಲುವುದು ಶುರುವಾಯಿತು. ಹಿಂಡಿ ಬಿಸಾಡಿದ ನಿಂಬೆ ಹೋಳುಗಳಲ್ಲಿ ಕೊಳೆಯದವನ್ನು ಆರಿಸಿ ಚೀಲಕ್ಕೆ ತುಂಬುವಳು. ಒಂದು ಹೋಳಿನಲ್ಲಿ ಒಂದೆರಡು ಹನಿ ಇದ್ದರೆ ಪುಣ್ಯ. ಬೆಳಿಗ್ಗೆ ಎದ್ದವಳೇ ಕಲೆಯ ಮೇಲೆ ಉಪ್ಪು ಚೆಲ್ಲಿ, ಹೋಳಿನಿಂದ ತಿಕ್ಕಿ ತಿಕ್ಕಿ, ಬಾಡಿಗೆ ಕೋಣೆಯ ತಗಡಿನ ಮಾಡಿನ ಮೇಲೆ ಹರವಿ ಮೂಲೆಗಳಿಗೆ ಕಲ್ಲು ಇಡುವಳು. ಬಟ್ಟೆ ಸೋಡಾ ತಿಂದು ಒಡೆದ ಬೆರಳ ಸಂದಿಗೆ ಉಪ್ಪು-ಹುಳಿ ಇಳಿದರೆ ಕೆಂಡ ಹಿಡಿದ ಹಾಗೆ. ಕೈ ಒದರಿಕೊಂಡು, ಬಾಯಲ್ಲಿ ಬೆರಳು ಇಟ್ಟುಕೊಂಡು, ಹಾಗೇ ಓಡುವಳು. ತಡವಾದರೆ ಯಜಮಾನಿಯ ಮನೆಯಲ್ಲಿ ಮಂತ್ರಾಕ್ಷತೆ ಬೇರೆ.

ಕೋಣೆಯ ಬಾಗಿಲಲ್ಲಿ ಕೂತ ಅವಳ ಅತ್ತೆಗೆ ಕಾವಲಿನ ಕೆಲಸ.

"ಏನೇ ಇದು, ಉಪ್ಪು ಹಾಕ್ತೀಯ, ನಿಂಬೆ ಹಾಕ್ತೀಯ, ಬಿಸಿಲಿಗಿಡ್ತೀಯ. ಫ್ರಾಕಿಗೆ ಉಪ್ಪಿನಕಾಯಿ ಹಾಕ್ತಿದ್ದೀಯೇನೇ?"

"ಕಾಗೆ ಕೂತ್ರೆ ಓಡಿಸಿ ಅತ್ತೆ, ಅಷ್ಟು ಸಾಕು."

"ಕಾಗೆ ಓಡಿಸ್ತಾ ಕೂತ್ರೆ ನನ್ನ ಸೊಂಟನೋವು ಯಾರು ಓಡಿಸ್ತಾರೆ?" ಅನ್ನುತ್ತಲೇ ಮುದುಕಿ ಕೋಲು ಹಿಡಿದು ಬಿಸಿಲು ತಿರುಗಿದ ಕಡೆಗೆಲ್ಲ ಫ್ರಾಕನ್ನು ತಿರುಗಿಸುತ್ತಿದ್ದಳು.

ಕಂದು ಬಣ್ಣ ಹಳದಿಗೆ ಬಂತು. ಹಳದಿ ಮಂಕಾಯಿತು. ಒಂದು ಸಂಜೆ ಗುಬ್ಬಿ ಫ್ರಾಕನ್ನು ಬಲ್ಬಿಗೆ ಹಿಡಿದು, ಮುಂದೆ ನೋಡಿ, ಹಿಂದೆ ನೋಡಿ, "ಎಲ್ಲಮ್ಮ ಇತ್ತು ಅದು?" ಅಂದಳು. ತಾಯಿಗೂ ಬೆರಳಿಟ್ಟು ತೋರಿಸಲಾಗಲಿಲ್ಲ. ಮುದುಕಿ ಮಾತ್ರ, "ನನ್ನ ಕಣ್ಣಿಗೆ ಮೊದಲೂ ಕಂಡಿರಲಿಲ್ಲ ಬಿಡು" ಅಂದಳು. ಮೂವರೂ ನಕ್ಕರು.

ಶಾಲೆಯಲ್ಲಿ ಫೋಟೋ ತೆಗೆಯುವ ದಿನ ಗುಬ್ಬಿ ಅದನ್ನು ಹಾಕಿಕೊಂಡು ಹೋದಳು.

ಅದೇ ದಿನ ಯಜಮಾನಿಯ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನೆಂಟರು ಬಂದು ಬೀಡುಬಿಟ್ಟಿದ್ದರು. ಹಾಸು, ಹೊದಿಕೆ, ದಿಂಬಿನ ಚೀಲ, ಮಕ್ಕಳ ಉಚ್ಚೆ ಬಟ್ಟೆ, ಟವಲ್ಲು, ಒಂದು ಗುಡ್ಡ ಕರಗುವಷ್ಟರಲ್ಲಿ ಇನ್ನೊಂದು ಗುಡ್ಡ. ತಾಯಿ ಕುಕ್ಕರಗಾಲಲ್ಲಿ ಕೂತವಳು ಎದ್ದೇ ಇರಲಿಲ್ಲ. ಮೇಲೆ ಹುಲ್ಲಿನಲ್ಲಿ ಕುರ್ಚಿ ಹಾಕಿಕೊಂಡು ಹೆಂಗಸರು ಚಹಾ ಕುಡಿಯುತ್ತಿದ್ದರು. ಸಾಲು ತಂತಿಗಳಲ್ಲಿ ಬಿಳಿ ಹಾಸುಗಳು ಗಾಳಿಗೆ ಪಟಪಟ ಬಡಿಯುತ್ತಿದ್ದವು.

ಪಕ್ಕದ ಸಣ್ಣ ಗೇಟು ಕಿರುಗುಟ್ಟಿತು.

"ಅಮ್ಮಾ! ಮುಂದಿನ ಸಾಲಲ್ಲಿ ನಿಲ್ಲಿಸಿದ್ರು ನನ್ನ! ಮಿಸ್ಸು ಕೈ ಹಿಡ್ಕೊಂಡು ಬಂದು ನಿಲ್ಲಿಸಿದ್ರು!"

ಗುಬ್ಬಿ ಓಡಿ ಬಂದಳು. ಮುಖವೆಲ್ಲ ಬೆವರು, ಒಂದು ಜಡೆ ಬಿಚ್ಚಿತ್ತು. ತಾಯಿ ಎದ್ದು ನಿಂತಳು. ಅವಳಿಗೆ ಮಗಳ ಮಾತು ಕೇಳಿಸಿತೋ ಇಲ್ಲವೋ. ಕಣ್ಣು ಹುಲ್ಲಿನ ಮೇಲಿನ ಕುರ್ಚಿಗಳ ಕಡೆಗಿತ್ತು. "ಯಾಕೆ ಬಂದೆ ಇಲ್ಲಿಗೆ? ನಡಿ, ಮನೆಗೆ ನಡಿ, ಬೇಗ."

"ಅಜ್ಜಿ ಬಾಗಿಲಲ್ಲಿ ಇರ್ಲಿಲ್ಲ, ಬೀಗ ಹಾಕಿತ್ತು…"

"ಅಮ್ಮಾ, ಅದು ನನ್ನ ಫ್ರಾಕು!" ಬೇಬಿ ಹುಲ್ಲಿನ ಮೇಲಿಂದ ಕೂಗಿದಳು.

ಚಹಾದ ಬಟ್ಟಲುಗಳು ನಿಂತವು. ಯಜಮಾನಿ ಎದ್ದು ಬಂದಳು. ಗುಬ್ಬಿಯ ಭುಜ ಹಿಡಿದು ತಿರುಗಿಸಿ ಹಿಂಬದಿ ನೋಡಿದಳು. ಬಟ್ಟೆಯನ್ನು ಬೆರಳಲ್ಲಿ ಎಳೆದು ಬೆಳಕಿಗೆ ಹಿಡಿದಳು.

"ಬಗ್ಗಲ್ಲ ಅಂದ್ಯಲ್ಲೇ? ಸೋಪಿಗೆ ಬಗ್ಗಲ್ಲ ಅಂದ್ಯಲ್ಲ?"

"ನೀವೇ ಹೊತ್ಕೊಂಡು ಹೋಗು ಅಂದ್ರಿ ಅಮ್ಮಾವ್ರೇ."

"ನಾನು ಕೊಟ್ಟಿದ್ದು ಕಲೆ ಇದ್ದ ಫ್ರಾಕು. ಎಲ್ಲಿದೆ ಇದರಲ್ಲಿ ಕಲೆ?" ಅವಳು ಕುರ್ಚಿಗಳ ಕಡೆ ತಿರುಗಿದಳು. "ನೋಡಿದ್ರಾ? ಮಗಳಿಗೆ ಬೇಕಿತ್ತು, ನಾಟಕ ಆಡಿ ಹೊಡ್ಕೊಂಡ್ಳು. ಇನ್ನು ಏನೇನು ಹೀಗೆ ಹೋಗಿದೆಯೋ."

"ಈ ಜನವೇ ಹೀಗೆ" ಅಂದಳು ಒಬ್ಬ ನೆಂಟಳು. ಇನ್ನೊಬ್ಬಳು, "ಪಾಪ, ಬಿಡಿ" ಅಂದು ಬಿಸ್ಕತ್ತು ಅದ್ದಿದಳು.

"ಬಿಚ್ಚಿಸು" ಅಂದಳು ಯಜಮಾನಿ.

"ಮನೆಗೆ ಹೋಗಿ ಒಗೆದು ತಂದುಕೊಡ್ತೀನಿ. ಕಾಲಿಗೆ ಬೀಳ್ತೀನಿ ಅಮ್ಮಾವ್ರೇ. ಮಗು ಬೇರೆ ಬಟ್ಟೆ ತಂದಿಲ್ಲ."

"ಇಲ್ಲೇ. ಈಗಲೇ. ನಾಳೆ ನೀನು ಕಣ್ಣಿಗೆ ಬೀಳ್ತೀಯಾ? ಏ ಅಜ್ಜಿ, ಬಾ ಇಲ್ಲಿ, ಗುಂಡಿ ಬಿಚ್ಚು."

ಅಡಿಗೆಯಜ್ಜಿ ಬಾಗಿಲಿಗೆ ಬಂದು ಎರಡೂ ಕೈ ಎತ್ತಿ ತೋರಿಸಿದಳು. "ಕೈಯೆಲ್ಲ ಎಣ್ಣೆ ಅಮ್ಮಾವ್ರೇ." ಕೈಯಲ್ಲಿ ಎಣ್ಣೆ ಇರಲಿಲ್ಲ. ಹಿಟ್ಟೂ ಇರಲಿಲ್ಲ.

"ಹಾಳಾದ ಮುಂಡೇವು, ಎಲ್ಲಾ ಒಂದೇ." ಯಜಮಾನಿ ತಾನೇ ಗುಬ್ಬಿಯ ಬೆನ್ನಿಗೆ ಕೈ ಹಾಕಿದಳು. ತಾಯಿ ನಡುವೆ ಬಂದಳು. ಯಜಮಾನಿ ಮೊಣಕೈಯಿಂದ ನೂಕಿದಳು. ಸೋಪಿನ ನೀರಲ್ಲಿ ಕಾಲು ಜಾರಿ ತಾಯಿ ಬಕೆಟ್ಟಿನ ಮೇಲೆ ಬಿದ್ದಳು. ಏಳುವಷ್ಟರಲ್ಲಿ ಫ್ರಾಕು ಗುಬ್ಬಿಯ ತಲೆಯ ಮೇಲಿಂದ ಬಂದಿತ್ತು.

ಗುಬ್ಬಿ ತೇಪೆ ಹಾಕಿದ ಒಳಚಡ್ಡಿಯಲ್ಲಿ ನಿಂತಿದ್ದಳು. ಎರಡೂ ಕೈ ಎದೆಗೆ ಕಟ್ಟಿಕೊಂಡು, ಮಂಡಿಗೆ ಮಂಡಿ ಒತ್ತಿಕೊಂಡು. ಅಳಲಿಲ್ಲ. ತಾಯಿಯನ್ನೇ ನೋಡಿ ಕೇಳಿದಳು.

"ಅಮ್ಮ, ಫೋಟೋದಲ್ಲಿ ಇರೋದನ್ನೂ ಬಿಚ್ತಾರಾ?"

ಬಿಸ್ಕತ್ತು ಅದ್ದಿದ್ದವಳು ಬಟ್ಟಲೊಳಗೆ ನೋಡಿದಳು.

ಯಜಮಾನಿ ಫ್ರಾಕನ್ನು ಎರಡು ಬೆರಳಲ್ಲಿ ಹಿಡಿದು ಬಕೆಟ್ಟಿಗೆ ಬಿಟ್ಟಳು. "ಬಿಸಿನೀರಲ್ಲಿ ಕ್ರಿಮಿ ಸಾಯೋ ಔಷಧಿ ಹಾಕಿ ಚೆನ್ನಾಗಿ ಒಗಿ. ನಿನ್ನ ಮಗಳ ಮೈಗೆ ತಾಗಿದೆ. ನನ್ನ ಮಗು ಹಾಕ್ಕೋಬೇಕು."

ತಾಯಿ ಬಕೆಟ್ಟು ನೋಡಿದಳು. ಕಲ್ಲು ನೋಡಿದಳು. ಒಗೆಯದೆ ಉಳಿದ ಗುಡ್ಡ ನೋಡಿದಳು. ಆಮೇಲೆ ನೇರವಾಗಿ ತಂತಿಯ ಹತ್ತಿರ ಹೋದಳು. ಯಜಮಾನಿಯ ಮಂಚದ ಹಾಸು, ಅಂಚಿಗೆಲ್ಲ ಕಸೂತಿ, ಅರ್ಧ ಒಣಗಿತ್ತು. ಎರಡೂ ಕೈಯಲ್ಲಿ ಹಿಡಿದು ಒಂದೇ ಸಲ ಎಳೆದಳು. ಕ್ಲಿಪ್ಪುಗಳು ಸಿಡಿದು ಹುಲ್ಲಿನಲ್ಲಿ ಚದುರಿದವು.

"ಏಯ್! ಏನೇ ಮಾಡ್ತಿದ್ದೀಯಾ?"

"ಮಗುಗೆ ಮೈ ಮುಚ್ತಿದ್ದೀನಿ."

ಹಾಸನ್ನು ಗುಬ್ಬಿಯ ತಲೆಯಿಂದ ಸುತ್ತಿದಳು. ಎಷ್ಟು ಸುತ್ತಿದರೂ ಉಳಿಯಿತು. ಉಳಿದದ್ದು ಹಿಂದೆ ನೆಲಕ್ಕೆ ಇಳಿಬಿದ್ದಿತು. ಮಗಳ ಕೈ ಹಿಡಿದು ಹೊರಟಳು. ಬಂದ ಸಣ್ಣ ಗೇಟಿಗಲ್ಲ. ಹುಲ್ಲಿನ ಮೇಲೆ, ಕುರ್ಚಿಗಳ ನಡುವೆ, ಮುಂಬಾಗಿಲ ಕಡೆಗೆ. ಒಬ್ಬ ನೆಂಟಳು ಕಾಲು ಎಳೆದುಕೊಂಡಳು. ಒಂದು ಬಟ್ಟಲು ಉರುಳಿತು.

"ಕಳ್ಳಿ! ಹಿಡಿಯೋ ಅವಳನ್ನ! ಗೇಟು ಹಾಕೋ! ಪೊಲೀಸರಿಗೆ ಫೋನ್ ಮಾಡ್ರೀ ಯಾರಾದ್ರೂ!"

ಕಾವಲಿನವನು ಸ್ಟೂಲಿನಿಂದ ಎದ್ದ. ದೊಡ್ಡ ಗೇಟಿಗೆ ಬೆನ್ನು ಕೊಟ್ಟು ನಿಂತ. "ನೋಡಮ್ಮ, ನನ್ನ ಕೆಲಸಕ್ಕೆ ಕುತ್ತು ತರಬೇಡ. ಬಟ್ಟೆ ಬಿಟ್ಟು ಹೋಗು."

"ನೀನೇ ಕಿತ್ಕೋ" ಅಂದಳು ಅವಳು. "ಬಾರೋ, ಕೈ ಹಾಕು. ನಿನ್ನ ಮನೇಲೂ ಒಂದು ಮಗು ಇದೆಯಲ್ಲ ಇಷ್ಟೇ ದೊಡ್ಡದು. ಹೇಗೆ ಕಿತ್ಕೋತೀಯ ನೋಡ್ತೀನಿ."

ಅವನು ಹಾಸಿನೊಳಗಿಂದ ಇಣುಕಿದ ಮುಖ ನೋಡಿದ. ಗೇಟು ತೆಗೆಯಲಿಲ್ಲ; ಆದರೆ ಅಲ್ಲಿಂದ ಸರಿದು ತನ್ನ ಸ್ಟೂಲನ್ನು ನೆಟ್ಟಗೆ ಮಾಡತೊಡಗಿದ. ಅವಳೇ ಅಗುಳಿ ಎಳೆದಳು.

ಬೀದಿಯಲ್ಲಿ ಜನ ನಿಂತು ನೋಡಿದರು. ಯಜಮಾನಿ ಗೇಟಿನವರೆಗೆ ಓಡಿ ಬಂದಿದ್ದಳು, ಅದರಾಚೆ ಬರಿಗಾಲಲ್ಲಿ ಬರಲಿಲ್ಲ.

"ಎತ್ತಿ ಹಿಡ್ಕೊಳ್ಳೇ ಮುಂಡೆ! ಮಣ್ಣಾಗ್ತಿದೆ ಅದು! ಎತ್ತೇ!"

ಬೀದಿಯ ಗ್ಯಾರೇಜಿನ ಮುಂದೆ ಕಪ್ಪು ಎಣ್ಣೆ ಹರಿದು ಮಡುಗಟ್ಟಿತ್ತು. ಗುಬ್ಬಿ ನಿಂತು ಹಿಂದೆ ನೋಡಿದಳು. "ಅಮ್ಮ, ಕೊಳೆ ಆಗುತ್ತೆ."

"ಆಗ್ಲಿ. ನಡಿ."

ಹಿಂದೆ ಯಜಮಾನಿಯ ಗೇಟಿನ ಕಡೆಯಿಂದ ಮೋಟರ್‌ಬೈಕು ಶುರುವಾದ ಸದ್ದು. ಅವಳು ಮಗಳ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ಕಸೂತಿಯ ಅಂಚು ಎಣ್ಣೆಯೊಳಗೆ ಇಳಿದು, ಆಚೆ ದಡ ಹತ್ತಿ, ರಸ್ತೆಯ ಉದ್ದಕ್ಕೂ ಅಗಲವಾದ ಕಪ್ಪು ಗೆರೆ ಎಳೆಯುತ್ತ ಅವರ ಹಿಂದೆ ಹೋಯಿತು.