ಮೀಠವಾಡಿ ಪದರು

"ಊರು ಹೋದ್ರೂ ಹೆಸರು ಹೋಗುದಿಲ್ಲ, ರೂಲೇ ಉಂಟು" ಎಂದು ಕಲ್ಲಿನ ಪದರಿಗೆ ಹೆಸರಿಡುವ ಸಮಿತಿಯ ಪ್ರೀತಮ್ ಸಾಹೇಬ ನಗುತ್ತ ಅಂದಾಗ ಗುರುಬಸವನ ಕೈಯಲ್ಲಿ ಬಿಳಿ ಬಣ್ಣದ ಬ್ರಶ್ಶೂ ಹೆಸರು ಕೊರೆದ ತಗಡೂ ಇದ್ದವು, ಕಿಸೆಯಲ್ಲಿ ಫೋನು ಒದರುತ್ತಿತ್ತು. ಮತ್ತೆ ಅವ್ವನದೇ ಫೋನು. ಮನೆ ಕೆಡವಲು ಮೀಠವಾಡಿಗೆ ಜೆಸಿಬಿ ಬಂದಿದೆಯೆಂದು ಆಗಲೇ ಒಮ್ಮೆ ಹೇಳಿದ್ದಳು.

ಮುಂಬಯಿಯ ಚೆಂಬೂರಿನ ಆ ಗೋದಾಮಿನ ತುಂಬ ಕಲ್ಲು. ಎಣ್ಣೆ ಹುಡುಕಲೆಂದು ಸಮುದ್ರದ ತಳ ಕೊರೆದು ತೆಗೆದು, ಉದ್ದನೆಯ ಪೆಟ್ಟಿಗೆಗಳಲ್ಲಿ ಹೆಣದಂತೆ ಮಲಗಿಸಿದ ಕಲ್ಲು. ತಳದ ಒಂದೇ ಪದರಿಗೆ ಒಂದೊಂದು ಕಂಪನಿಯವರು ಒಂದೊಂದು ಹೆಸರಿಟ್ಟು, ವರ್ಷಗಟ್ಟಲೆ ಕಚ್ಚಾಡಿ, ಇನ್ನು ಎಲ್ಲರೂ ಒಂದೇ ಹೆಸರಿನಿಂದ ಕರೆಯೋಣವೆಂದು ಸಮಿತಿ ಮಾಡಿಕೊಂಡಿದ್ದರು. ಎ.ಸಿ. ಕೋಣೆಯಲ್ಲಿ ಕೂತು, ಮಾಟುಂಗದಿಂದ ತರಿಸಿದ ಇಡ್ಲಿ ಮುಕ್ಕುತ್ತ, ಕಲ್ಲಿಗೆ ನಾಮಕರಣ. ಹಡೆದ ಕೂಸಿಗೂ ಯಾರೂ ಇಷ್ಟು ಒದ್ದಾಡುವುದಿಲ್ಲ. ಸಮುದ್ರದಲ್ಲಿ ಊರಿಲ್ಲವಾದ್ದರಿಂದ ಎದುರಿನ ದಂಡೆಯ ಊರಿನ ಹೆಸರನ್ನೇ ಇಡುವುದು ಅವರ ಪದ್ಧತಿ. ದೊಡ್ಡ ಊರುಗಳ ಹೆಸರೆಲ್ಲ ಯಾವಾಗಲೋ ಖರ್ಚಾಗಿದ್ದವು. ಹಳೇ ನಕಾಶೆ ಕೆದಕಿ, ಉಪ್ಪಿನಗದ್ದೆಯ ಪಕ್ಕದ ಮೀಠವಾಡಿಯನ್ನು ಹೆಕ್ಕಿ ತೆಗೆದಿದ್ದರು.

ಯಾದಗಿರಿ ಕಡೆಯ ಕೂಲಿ ಮಂದಿಯ ತಗಡಿನ ಮನೆಗಳ ಮೀಠವಾಡಿ ಅದು. ಗುರುಬಸವನ ಮನೆಯೂ ಅಲ್ಲೇ. ಖಾಲಿ ಮಾಡಿರೆಂದು ಮುನ್ಸಿಪಾಲಿಟಿಯವರು ಮಳೆಗಾಲಕ್ಕೆ ಮುಂಚೆಯೇ ಹೇಳಿ ಹೋಗಿದ್ದರು. ತಮ್ಮ ವಾಡಿಯ ಹೆಸರು ಆರಿಸಿದ್ದಾರೆಂದು ತಿಳಿದ ದಿನ ಅವನು ನಾಚಿಕೆ ನುಂಗಿಕೊಂಡು ಸಾಹೇಬನ ಮುಂದೆ ನಿಂತಿದ್ದ. ದೊಡ್ಡವರ ಪರಿಚಯ ನಿಮಗಿದೆ, ಒಂದು ಮಾತು ಹೇಳಿ, ಬೇರೆ ಜಾಗ ಸಿಗುವ ತನಕ ತಡೆಯಲಿ ಎಂದು ಬೇಡಿಕೊಂಡಿದ್ದ. ನೋಡುವ ಎಂದಿದ್ದ ಸಾಹೇಬ. ನೋಡಿದ್ದು ಇದು: ವಾಡಿಯೇ ನೆಲಸಮವಾದರೆ ಹೆಸರು ನಿಲ್ಲುತ್ತದೆಯೇ ಎಂದು ಸಮಿತಿಯ ನಿಶಾ ಮೇಡಂ ಹಿಂದಿಯಲ್ಲಿ ಕೇಳಿದ್ದಕ್ಕೆ, ಗುರುಬಸವನತ್ತ ತಿರುಗಿ ಹೇಳಿದ ಆ ರೂಲು.

ಗುರುಬಸವ ಬ್ರಶ್ಶು ಡಬ್ಬಿಗೆ ಹಾಕಿದ.

"ಅವ್ವ ಒಬ್ಬಾಕಿನೇ ಅದಾಳ್ರಿ. ಸಾಮಾನ ಹೊರಗ ತೆಗೀಬೇಕು. ಹೋಗ್ತೀನ್ರಿ."

"ಇನ್ನು ಆ ಒಂದು ಸಾಲು ಪೆಟ್ಟಿಗೆ ಉಂಟಲ್ಲ ಮಾರಾಯ? ನಾಳೆ ದಿಲ್ಲಿಯವರು ಬರ್ತಾರೆ. ಹೆಸರು ಬರೀದೆ ತೋರ್ಸುದು ಹೇಗೆ?" ಸಾಹೇಬ ಅವನ ಹೆಗಲು ತಟ್ಟಿದ. "ನಿಂಗೆ ಖುಷಿ ಆಗ್ಬೇಕು. ನಿಮ್ಮ ವಾಡಿ ಇನ್ನು ಅಮರ."

ತಟ್ಟಿದ ಕೈಯಲ್ಲಿ ಚಟ್ನಿಯ ವಾಸನೆ ಇತ್ತು.

"ಹೋಗಂಗಿಲ್ಲಂತಲ್ರಿ ಹೆಸರು. ನಿಂತಿರ್ತದ ಬಿಡ್ರಿ."

"ಹಾಗಾದ್ರೆ ನಾಳೆ ಬರುದು ಬೇಡ."

ಅವನು ತಿರುಗಿ ನೋಡಲಿಲ್ಲ. ಗೇಟು ದಾಟಿ ಓಡುವಾಗಲೇ ಗೊತ್ತಾದದ್ದು, ಮೀಠವಾಡಿ ಎಂದು ಅಕ್ಷರ ಕೊರೆದ ತಗಡು ಇನ್ನೂ ಕೈಯಲ್ಲೇ ಇದೆ ಎಂದು. ಪೆಟ್ಟಿಗೆಯ ಮೇಲಿಟ್ಟು ಬಣ್ಣ ಬಳಿದರೆ ಹೆಸರು ಮೂಡುವ ತಗಡು. ಮರಳಿ ಕೊಡಲು ಹೋದರೆ ಹೊತ್ತಾಗುತ್ತಿತ್ತು.

ಅವನು ಮುಟ್ಟುವಷ್ಟರಲ್ಲಿ ವಾಡಿ ಮುಗಿದಿತ್ತು. ಮನೆಗಳಿದ್ದಲ್ಲಿ ಮಡಚಿಬಿದ್ದ ತಗಡಿನ ರಾಶಿ. ಅವನವ್ವ ಅಂಬವ್ವ ಸ್ಟವ್ವು, ಎರಡು ಪಾತೆಲಿ, ಹಾಸಿಗೆಯ ಗಂಟು ಇಷ್ಟನ್ನು ಎಳೆದು ತಂದು, ಉಪ್ಪಿನ ನೆಲದ ಮೇಲೆ ಕೂತು ಚಹಾಕ್ಕೆ ನೀರಿಟ್ಟಿದ್ದಳು. ಸಮುದ್ರದ ಖಾಡಿಯ ಗಾಳಿಗೆ ಉರಿ ಆರಿ ಆರಿ ಹೋಗುತ್ತಿತ್ತು. ಅವಳು ಅತ್ತಿರಲಿಲ್ಲ. ಅವನ ಕೈ ನೋಡಿದಳು.

"ಕೈಯಾಗೇನದು?"

"ತಗಡು."

"ಗಾಳಿಗೆ ಇಲ್ಲಿ ಅಡ್ಡ ಹಿಡಿ."

ಅವನು ಕುಕ್ಕರಗಾಲಲ್ಲಿ ಕೂತು ಹಿಡಿದ. ಅಕ್ಷರದ ತೂತುಗಳಿಂದ ಗಾಳಿ ನುಗ್ಗಿ ಉರಿ ಒಂದು ಕಡೆಗೆ ವಾಲಿತು. ಎರಡು ಅಕ್ಷರಗಳನ್ನು ಅಂಗೈಯಿಂದ ಮುಚ್ಚಿದ. ಉಳಿದವುಗಳಲ್ಲಿ ಗಾಳಿ ಬರುತ್ತಲೇ ಇತ್ತು.